ಎರಡು ದಾಳ, ಮೂರು ಗುಣ, ಒಬ್ಬ ನಿರೂಪಕ: ಗ್ರೂಪಿನಲ್ಲಿ ಟೈಪ್ ಮಾಡುತ್ತಲೇ ಆಡುವ ಮಾಯಾಲೋಕದ ಆಟ

ಬರೀ ಬರಹದಲ್ಲೇ ಆಡುವ ಪಾತ್ರದಾಟಕ್ಕೆ ಸಾಮಾನು ಹೆಚ್ಚೇನೂ ಬೇಡ. ನಾಲ್ಕು ಜನ, ಒಂದು ಚಾಟ್ ಗ್ರೂಪು, ಲೂಡೋ ಡಬ್ಬಿಯಲ್ಲಿರುವ ದಾಳ ಎರಡು. ನಾಲ್ವರಲ್ಲಿ ಒಬ್ಬರು ನಿರೂಪಕರು, ಆಡುವವರ ಬಾಯಲ್ಲಿ ಜಿಎಂ, ಅಂದರೆ ಗೇಮ್ ಮಾಸ್ಟರ್. ಉಳಿದ ಮೂವರಿಗೆ ತಲಾ ಒಂದು ಪಾತ್ರ. ಎದುರಿಗೆ ಏನಿದೆ ಅಂತ ನಿರೂಪಕರು ಬರೆಯುತ್ತಾರೆ, ತನ್ನ ಪಾತ್ರ ಏನು ಮಾಡುತ್ತೆ ಅಂತ ಆಟಗಾರರು ಬರೆಯುತ್ತಾರೆ, ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಹೇಳುತ್ತೆ. ತಾಳಮದ್ದಳೆ ಕೇಳಿದವರಿಗೆ ಇದರ ಅರ್ಧ ಈಗಾಗಲೇ ಗೊತ್ತು: ವೇಷವಿಲ್ಲದೆ ಕೂತು, ಪಾತ್ರವಾಗಿ, ಬರೆದಿಟ್ಟುಕೊಳ್ಳದ ಮಾತನ್ನು ಆಡುತ್ತಾ ಹೋಗುವುದು. ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತೆ, ಇಲ್ಲಿ ನಿರೂಪಕರಿಗೂ ಗೊತ್ತಿರೋದಿಲ್ಲ.

ಈ ಬಗೆಯ ಆಟ ಅಂಗಡಿಗೆ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂಲಕ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಕಟ್ಟಿದ ಮಡ್ ಅನ್ನುವ ಕಂಪ್ಯೂಟರ್ ಆಟದಲ್ಲಿ ನಿರೂಪಕರ ಜಾಗಕ್ಕೆ ಕಂಪ್ಯೂಟರ್ ಬಂತು. ಹಲವರು ಒಟ್ಟಿಗೆ ಟೈಪ್ ಮಾಡಿ ಆಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಡಂಜನ್ಸ್‌ನ ಇಂದಿನ ಮುಖ್ಯ ನಿಯಮಪುಸ್ತಕಗಳು ಮೂರು, ಒಂದೊಂದೂ ಮುನ್ನೂರು ಪುಟ ದಾಟಿದ್ದು. ಮೊದಲ ಸಲ ಆಡುವವರಿಗೆ ಅಷ್ಟು ಬೇಕಿಲ್ಲ. ಇಲ್ಲಿ ಹೇಳುವ ನಿಯಮ ಫೋನಿನ ಒಂದು ಸ್ಕ್ರೀನಿನಲ್ಲಿ ಹಿಡಿಸುತ್ತೆ. ದಾಳದ ಲೆಕ್ಕ ಮಾತ್ರ ವಿನ್ಸೆಂಟ್ ಬೇಕರ್ ಅವರ 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದಿಂದ ಬಂದದ್ದು.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ದಾಳವಲ್ಲ, ಕ್ರಿಯಾಪದ. ಆಟಗಾರರು ಬರೆಯಬೇಕಾದದ್ದು ಪ್ರಯತ್ನವನ್ನು; ಅದರ ಫಲ ಏನಾಯಿತು ಅನ್ನುವುದು ಅವರ ಕೈಲಿಲ್ಲ. ಹೊಸಬರು ಹೀಗೆ ಬರೆಯುತ್ತಾರೆ:

"ಚೆನ್ನಿ ಬಾಗಿಲು ಒಡೆದು ಒಳಗೆ ನುಗ್ಗಿ ಕಾವಲುಗಾರನ ಕುತ್ತಿಗೆಗೆ ಕಠಾರಿ ಇಟ್ಟಳು."

ಒಂದೇ ವಾಕ್ಯದಲ್ಲಿ ಮೂರು ಕೆಲಸ ಮುಗಿದೇ ಹೋಯಿತು. ಬಾಗಿಲು ಗಟ್ಟಿ ಇತ್ತೋ, ಕಾವಲುಗಾರ ಅಲ್ಲಿದ್ದನೋ ಅಂತ ನಿರೂಪಕರು ಹೇಳುವುದಕ್ಕೆ ಜಾಗವೇ ಇಲ್ಲ. ಅದನ್ನೇ ಹೀಗೆ ಬರೆದರೆ ಆಟ ನಡೆಯುತ್ತೆ:

"ಚೆನ್ನಿ ಭುಜ ಕೊಟ್ಟು ಬಾಗಿಲು ನೂಕ್ತಾಳೆ. ತೆರೆದರೆ ಮೊದಲು ಕಾವಲುಗಾರ ಎಲ್ಲಿದ್ದಾನೆ ಅಂತ ನೋಡ್ತಾಳೆ."

ಕನ್ನಡದಲ್ಲಿ ಇದನ್ನು ಹಿಡಿಯುವುದು ಸುಲಭ. ಒಡೆದಳು, ಸಿಕ್ಕಿತು, ಕೊಂದ: ಈ ಭೂತಕಾಲ ನಿರೂಪಕರ ಆಸ್ತಿ. ನೂಕ್ತಾಳೆ, ಹುಡುಕ್ತಾನೆ, ಕೇಳ್ತಾಳೆ: ಇದು ಆಟಗಾರರದ್ದು. ಕಳಿಸುವ ಮೊದಲು ವಾಕ್ಯದ ಕೊನೆಯ ಪದವನ್ನೊಮ್ಮೆ ನೋಡಿಕೊಂಡರೆ ಸಾಕು. ನಿರೂಪಕರಿಗೂ ಇದರ ಇನ್ನೊಂದು ಮಗ್ಗುಲು ಅನ್ವಯಿಸುತ್ತೆ. "ಚೆನ್ನಿಗೆ ಭಯವಾಗಿ ಹಿಂದಕ್ಕೆ ಓಡಿದಳು" ಅಂತ ಅವರು ಬರೆಯುವ ಹಾಗಿಲ್ಲ. ಒಳಗೆ ಏನೋ ಉಸಿರಾಡಿದ ಸದ್ದಾಯಿತು ಅಂತ ಬರೆಯಬಹುದು. ಓಡಬೇಕೋ ನಿಲ್ಲಬೇಕೋ ಅನ್ನುವುದು ಚೆನ್ನಿಯನ್ನು ಆಡುತ್ತಿರುವವರಿಗೆ ಬಿಟ್ಟದ್ದು.

ಇನ್ನೊಂದು ತೊಡಕು ನಮ್ಮ ಭಾಷೆಯದ್ದೇ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತಾಡುವುದು ನಮಗೆ ಸಹಜ. "ಹಿಂದೆ ಸರಿದು ಪಂಜು ಹಚ್ತಾನೆ" ಅಂತ ಬಂದಾಗ ಪಕ್ಕದಲ್ಲಿ ಭರಮ, ಹುಸೇನಿ ಇಬ್ಬರೂ ಇದ್ದರೆ ಪಂಜು ಹಚ್ಚಿದವನು ಯಾರು? ಫೋನಿನಲ್ಲಿ ಯಾರ ನಂಬರ್ ಯಾವ ಪಾತ್ರ ಅಂತ ಪ್ರತಿ ಸಲ ನೆನಪಿಸಿಕೊಳ್ಳೋಕಾಗಲ್ಲ. ಹಾಗಾಗಿ ಪ್ರತಿ ಪೋಸ್ಟೂ ಪಾತ್ರದ ಹೆಸರಿನಿಂದಲೇ ಶುರುವಾಗಲಿ. ಇದರಿಂದ ನೀನು–ನೀವು ತಕರಾರೂ ತಪ್ಪುತ್ತೆ: ಆಡುತ್ತಿರುವವರು ಸೋದರಮಾವನೇ ಆಗಿದ್ದರೂ "ಭರಮ ಎಡವಿದ" ಅಂತ ನಿರೂಪಕರು ಧೈರ್ಯವಾಗಿ ಬರೆಯಬಹುದು. ಆಡಿದ ಮಾತಿಗೆ ಉದ್ಧರಣ ಚಿಹ್ನೆ, ಆಟದ ಹೊರಗಿನ ಮಾತಿಗೆ ಕಂಸ. ಪಾತ್ರಗಳ ಮಾತು ನಿಮ್ಮ ನಿಮ್ಮ ಊರಿನ ಕನ್ನಡದಲ್ಲೇ ಇರಲಿ. ಧಾರವಾಡದ ಮಾತಾಡುವ ಭರಮ, ಕುಂದಾಪುರದ ಮಾತಾಡುವ ಹುಸೇನಿ ಇದ್ದರೆ ಹೆಸರು ನೋಡುವ ಮೊದಲೇ ಯಾರ ಮಾತು ಅಂತ ಗೊತ್ತಾಗುತ್ತೆ.

ಗ್ರೂಪು ಒಂದಲ್ಲ, ಎರಡು ಮಾಡಿ. ಒಂದು ಆಟಕ್ಕೆ, ಒಂದು ಹರಟೆಗೆ. "ನಾಳೆ ನಾನಿರಲ್ಲ", "ಸೂಪರ್", ನಗುವ ಎಮೋಜಿ ಎಲ್ಲಾ ಹರಟೆಗೆ ಹೋಗಲಿ. ಆಟದ ಗ್ರೂಪಿನಲ್ಲಿ ಕಥೆ ಮತ್ತು ದಾಳ ಮಾತ್ರ ಉಳಿದರೆ ಎರಡು ದಿನ ತಪ್ಪಿಸಿಕೊಂಡವರೂ ಮೇಲಿಂದ ಓದಿಕೊಂಡು ಬರಬಹುದು.

ಪಾತ್ರ ಕಟ್ಟೋದಕ್ಕೆ ಹತ್ತು ನಿಮಿಷ. ಗುಣ ಮೂರು: ಬಲ, ಚುರುಕು, ಬುದ್ಧಿ. ಒಂದಕ್ಕೆ +2, ಒಂದಕ್ಕೆ +1, ಉಳಿದದ್ದಕ್ಕೆ 0. ಒಂದು ವಿದ್ಯೆ, ಒಂದು ಅಂಜಿಕೆ, ಮೂರು ಸಾಮಾನು, ಜೀವ 6. ಚೆನ್ನಿಯದ್ದು ಹೀಗಿರಬಹುದು: ಕಮ್ಮಾರನ ಮಗಳು, ಬಲ 0, ಚುರುಕು +2, ಬುದ್ಧಿ +1, ವಿದ್ಯೆ ಬೀಗ ಬಿಚ್ಚುವುದು, ಅಂಜಿಕೆ ಆಳವಾದ ನೀರು, ಕಠಾರಿ, ಹತ್ತು ಮಾರು ಹಗ್ಗ, ಎಣ್ಣೆಯ ಪಂಜು. ಇದನ್ನು ಗ್ರೂಪಿನಲ್ಲಿ ಹಾಕಿ ಪಿನ್ ಮಾಡಿ. ಸಾಮಾನು ಮೂರಕ್ಕೇ ನಿಲ್ಲಲಿ. ಹದಿನೈದು ಇದ್ದರೆ ಯಾವ ಕಷ್ಟಕ್ಕೂ ಚೀಲದಿಂದ ಏನೋ ಒಂದು ಹೊರಗೆ ಬರುತ್ತೆ, ತಲೆ ಓಡಿಸುವ ಅಗತ್ಯವೇ ಬೀಳೋದಿಲ್ಲ.

ಈಗ ದಾಳ. ಎರಡು ದಾಳ ಹಾಕಿ, ಕೂಡಿ, ಆ ಕೆಲಸಕ್ಕೆ ಹೊಂದುವ ಗುಣವನ್ನು ಸೇರಿಸಿ. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ತೆರಬೇಕು. 6 ಅಥವಾ ಕಡಿಮೆ ಬಂದರೆ ಆಗಲಿಲ್ಲ, ಜೊತೆಗೆ ಪರಿಸ್ಥಿತಿ ಬಿಗಡಾಯಿಸುತ್ತೆ. ನಿಮ್ಮ ವಿದ್ಯೆಯ ಕೆಲಸವಾದರೆ ಇನ್ನೊಂದು +1. ಜೊತೆಗಾರರು ಕೈಜೋಡಿಸಿದರೂ +1, ಆದರೆ ತೆರಬೇಕಾಗಿ ಬಂದರೆ ಇಬ್ಬರೂ ತೆರಬೇಕು. ಎಲ್ಲಾ ಸೇರಿ +3 ದಾಟುವ ಹಾಗಿಲ್ಲ.

ಆ ಮಿತಿ ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಎರಡು ದಾಳ 36 ರೀತಿ ಬೀಳಬಹುದು. ಗುಣ 0 ಇದ್ದಾಗ ಪೂರ್ತಿ ಗೆಲುವು 6 ರೀತಿ, ನಡುವಿನದ್ದು 15, ಸೋಲು 15. +1ಕ್ಕೆ 10, 16, 10. +2ಕ್ಕೆ 15, 15, 6. +3 ಆದರೆ ಸೋಲು 3 ಮಾತ್ರ, +4 ಆದರೆ ಒಂದೇ ಒಂದು. ಅಲ್ಲಿಗೆ ದಾಳ ಹಾಕುವುದಕ್ಕೆ ಅರ್ಥವಿರೋದಿಲ್ಲ. ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಕಾಣುತ್ತೆ: 0, +1, +2 ಏನೇ ಇರಲಿ, 36ರಲ್ಲಿ 15 ಅಥವಾ 16 ಸಲ ನಡುವಿನದ್ದೇ ಬೀಳುತ್ತೆ. ಅಂದರೆ "ಆಯಿತು, ಆದರೆ" ಅನ್ನುವುದನ್ನು ಚೆನ್ನಾಗಿ ಬರೆಯಬಲ್ಲ ನಿರೂಪಕರಿದ್ದರೆ ಹೆಚ್ಚು ಕಡಿಮೆ ಅರ್ಧ ಆಟ ಗೆದ್ದಂತೆ. (ದಾಳ ಸಿಗದಿದ್ದರೆ ಚೌಕಾಬಾರಾದ ಕವಡೆ ಆಗಬಹುದಾ ಅಂತ ಅನ್ನಿಸುವುದು ಸಹಜ. ಕವಡೆಯ ಎರಡು ಮುಖ ಒಂದೇ ಆಕಾರದ್ದಲ್ಲ, ಎರಡೂ ಸಮಸಮ ಬೀಳುತ್ತವೆ ಅನ್ನುವ ಭರವಸೆಯಿಲ್ಲ. ಈ ಲೆಕ್ಕ ಅದಕ್ಕೆ ಹೊಂದೋದಿಲ್ಲ.)

ತೆರುವುದಕ್ಕೆ ಸದಾ ಜೀವವನ್ನೇ ಕಳೆಯಬೇಡಿ. ಸದ್ದಾಗಬಹುದು, ಹಗ್ಗ ಅಲ್ಲೇ ಉಳಿಯಬಹುದು, ಪಂಜು ಆರಬಹುದು, ಹೊತ್ತು ಮುಳುಗಬಹುದು, ಒಬ್ಬರು ಆಚೆ ದಡದಲ್ಲೇ ಉಳಿದುಹೋಗಬಹುದು. ಎರಡನ್ನು ಮುಂದಿಟ್ಟು ಆಟಗಾರರಿಗೇ ಆರಿಸಿಕೊಳ್ಳಲು ಬಿಡುವುದು ಇನ್ನೂ ಒಳ್ಳೆಯದು: "ಬೀಗ ಬಿಚ್ಚಿತು. ಆದರೆ ಕಠಾರಿಯ ತುದಿ ಒಳಗೆ ಸಿಕ್ಕಿಕೊಂಡಿದೆ. ಕಠಾರಿ ಬಿಟ್ಟು ಹೋಗ್ತಾಳಾ, ಎಳೆದು ಸದ್ದು ಮಾಡ್ತಾಳಾ?"

ಸೋಲಿನಲ್ಲಿ ನಡೆಯುವ ತಪ್ಪೇ ಆಟವನ್ನು ಹೆಚ್ಚು ಕೆಡಿಸುವುದು. ಆರು ಅಥವಾ ಕಡಿಮೆ ಬಿತ್ತು, ನಿರೂಪಕರು "ಬೀಗ ತೆರೆಯಲಿಲ್ಲ" ಅಂತ ಬರೆದು ಸುಮ್ಮನಾದರು. ಆಟಗಾರರು ಮತ್ತೆ ಅದೇ ಬೀಗಕ್ಕೆ ದಾಳ ಹಾಕುತ್ತಾರೆ, ಮತ್ತೆ ಹಾಕುತ್ತಾರೆ. ಬದಲಿಗೆ: "ಬೀಗ ಅಲುಗಲಿಲ್ಲ. ಚೆನ್ನಿ ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಒಳಗಡೆಯಿಂದ ಯಾರೋ ಕೀಲಿ ತಿರುಗಿಸಿದ ಸದ್ದು." ಕೆಲಸ ಆಗಲಿಲ್ಲ ನಿಜ, ಆದರೆ ಈಗ ಏನಾದರೂ ಮಾಡಲೇಬೇಕು. ಹೀಗೆ ಬರೆಯಲು ಏನೂ ಹೊಳೆಯದಿದ್ದರೆ ಅದು ದಾಳ ಹಾಕಬೇಕಾದ ಜಾಗವೇ ಅಲ್ಲ. ಬಾಗಿಲು ತೆರೆದು ಒಳಗೆ ಹೋದರು ಅಂತ ಮುಂದುವರಿಸಿ. ಕಥೆ ಸಾಗಲು ಬೇಕೇ ಬೇಕಾದ ಸುಳಿವನ್ನಂತೂ ದಾಳದ ಹಿಂದೆ ಯಾವತ್ತೂ ಬಚ್ಚಿಡಬೇಡಿ. ನೆಲಮಾಳಿಗೆಗೆ ದಾರಿ ಇದೆ ಅಂತ ಗೊತ್ತಾಗಲೇಬೇಕಿದ್ದರೆ ಆ ಸುಳಿವು ಮೂರು ಕಡೆ ಇರಲಿ: ಅರ್ಚಕರ ಮಾತಿನಲ್ಲಿ, ಗೋಡೆಯ ಹಸಿ ಗಾರೆಯಲ್ಲಿ, ಬಾವಿಯೊಳಗಿಂದ ಬರುವ ತಣ್ಣನೆಯ ಗಾಳಿಯಲ್ಲಿ. ಎರಡು ತಪ್ಪಿದರೂ ಒಂದು ಸಿಗುತ್ತೆ.

ನಿರೂಪಕರ ಪೋಸ್ಟು ನೂರು ಪದದೊಳಗೆ ಮುಗಿಯಲಿ. ಮೊದಲು ಹಿಂದಿನ ಪ್ರಯತ್ನದ ಫಲ, ಆಮೇಲೆ ಈಗ ಕಾಣುವ ಎರಡು ಮೂರು ವಸ್ತು, ಕೊನೆಗೆ ಸುಮ್ಮನೆ ಕೂರಲು ಬಿಡದ ಒಂದು ಸಂಗತಿ. "ಕಾಡು ಭಯಂಕರವಾಗಿತ್ತು" ಅಂದರೆ ಆಟಗಾರರಿಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಇದನ್ನು ನೋಡಿ:

"ಹಗ್ಗ ತಡೆಯಿತು, ಮೂವರೂ ಬಾವಿಯ ಒಳಗಟ್ಟೆಗೆ ಇಳಿದಿದ್ದೀರಿ. ಎಡಕ್ಕೆ ಮೊಣಕಾಲೆತ್ತರದ ಕಿಂಡಿ, ಬಾಯಿಗೆ ಎಲ್ಲೂ ಹರಿಯದ ಹಳೆ ಜೇಡರ ಬಲೆ. ಬಲಕ್ಕೆ ಕಲ್ಲಿನ ನಾಗ, ಹೆಡೆಯ ಮೇಲೆ ಒದ್ದೆ ಕುಂಕುಮ. ಮೇಲೆ ಗಡಗಡೆ ತಾನಾಗಿ ತಿರುಗತೊಡಗಿದೆ, ಹಗ್ಗ ಮೇಲಕ್ಕೆ ಹೋಗ್ತಿದೆ."

ಹಳೆ ಬಲೆ ಹರಿದಿಲ್ಲ ಅಂದರೆ ಕಿಂಡಿಯಲ್ಲಿ ಇತ್ತೀಚೆಗೆ ಯಾರೂ ನುಸುಳಿಲ್ಲ. ಕುಂಕುಮ ಒದ್ದೆ ಅಂದರೆ ಯಾರೋ ಈಗಷ್ಟೇ ಬಂದಿದ್ದರು. ಹಾಗಾದರೆ ಬಂದವರು ಹೋದದ್ದೆಲ್ಲಿಂದ? ಓದುಗರು ಲೆಕ್ಕ ಹಾಕಬಲ್ಲ ಇಂಥ ವಸ್ತು ಕೊಟ್ಟರೆ ಅವರಾಗಿಯೇ ಕೇಳತೊಡಗುತ್ತಾರೆ.

ಕಾದಾಟಕ್ಕೂ ಅದೇ ದಾಳ. ಕಠಾರಿ, ದೊಣ್ಣೆಯ ಪೆಟ್ಟು 1. ಕತ್ತಿ, ಕೊಡಲಿಯದ್ದು 2. ಸಣ್ಣ ಆಯುಧಕ್ಕೆ ಚುರುಕು, ದೊಡ್ಡದಕ್ಕೆ ಬಲ. 10 ಅಥವಾ ಹೆಚ್ಚು ಬಂದರೆ ನೀವು ಹೊಡೆದಿರಿ, 7–9ಕ್ಕೆ ಇಬ್ಬರಿಗೂ ಪೆಟ್ಟು, 6ರೊಳಗೆ ಬಂದರೆ ನಿಮಗೆ ಮಾತ್ರ. ಶತ್ರುವಿಗೆ ಬೇರೆ ದಾಳ ಇಲ್ಲ, ಅದರಿಂದ ಮೆಸೇಜುಗಳ ಸಂಖ್ಯೆ ಅರ್ಧಕ್ಕಿಳಿಯುತ್ತೆ. ಕಾಡುನಾಯಿ, ಕಳ್ಳರಿಗೆ ಜೀವ 2, ಬ್ರಹ್ಮರಾಕ್ಷಸನಿಗೆ 5, ನಿಧಿ ಕಾಯುವ ಸರ್ಪಕ್ಕೆ 8. ಬಲ +2 ಇದ್ದು ಕತ್ತಿ ಹಿಡಿದ ಒಬ್ಬ, ಚುರುಕು +2ರ ಕಠಾರಿಯವಳು, ಚುರುಕು 0 ಇರುವ ಇನ್ನೊಬ್ಬ ಕಠಾರಿಯವನು ಸೇರಿದರೆ ಒಂದು ಸುತ್ತಿಗೆ ಸರಾಸರಿ ಮೂರು ಪೆಟ್ಟು ಬೀಳುತ್ತೆ, ಸರ್ಪ ಮೂರು ಸುತ್ತಿನಲ್ಲಿ ಮುಗಿಯುತ್ತೆ. ಅದಕ್ಕಿಂತ ಉದ್ದದ ಕಾದಾಟ ಬರಹದಲ್ಲಿ ಬೇಸರ ತರಿಸುತ್ತೆ. ಜೀವ ಅರ್ಧವಾದಾಗ ಶತ್ರು ಓಡಲಿ, ಮಾತುಕತೆಗೆ ಬರಲಿ, ದೀಪ ಆರಿಸಲಿ.

ದಾಳ ಯಾರು ಹಾಕಬೇಕು? ಟೆಲಿಗ್ರಾಮ್‌ನಲ್ಲಿ ದಾಳದ ಎಮೋಜಿಯನ್ನು ಒಂದೇ ಕಳಿಸಿದರೆ ಅದು ಉರುಳಿ ಯಾವುದೋ ಸಂಖ್ಯೆಗೆ ನಿಲ್ಲುತ್ತೆ, ಕಳಿಸಿದವರು ಸಂಖ್ಯೆ ಆರಿಸೋಕಾಗಲ್ಲ. ವಾಟ್ಸಾಪ್‌ನಲ್ಲಾದರೆ ನಿಜವಾದ ದಾಳ ಹಾಕಿ ಫೋಟೋ ಕಳಿಸಿ, ಅಥವಾ ಎಲ್ಲರ ಪರವಾಗಿ ನಿರೂಪಕರೇ ಹಾಕಲಿ. ಕ್ರಮ ಮುಖ್ಯ: ಮೊದಲು ಪ್ರಯತ್ನ ಬರೆಯಬೇಕು, ಆಮೇಲೆ ದಾಳ. ವಾಟ್ಸಾಪ್ ಮೆಸೇಜನ್ನು ಹದಿನೈದು ನಿಮಿಷದವರೆಗೆ ತಿದ್ದಬಹುದು; ದಾಳ ಬಿದ್ದ ಮೇಲೆ ತಿದ್ದುವಂತಿಲ್ಲ ಅಂತ ಶುರುವಿನಲ್ಲೇ ಒಪ್ಪಿಕೊಳ್ಳಿ.

ಆಡುವ ವೇಗ ಎರಡು ಬಗೆ. ಎಲ್ಲರೂ ಒಂದೇ ಹೊತ್ತಿಗೆ ಕೂತರೆ ಒಂದು ಸುತ್ತಿಗೆ ಆರೇಳು ನಿಮಿಷ, ಎರಡು ಗಂಟೆಯಲ್ಲಿ ಹದಿನೆಂಟು ಇಪ್ಪತ್ತು ಸುತ್ತು. ದಿನಕ್ಕೊಂದು ಪೋಸ್ಟ್ ಅಂತಾದರೆ ಐದು ಕೋಣೆಯ ಒಂದು ಪಾಳುಗುಡಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತೆ, ಆದ್ದರಿಂದ ಐದು ಕೋಣೆಗಿಂತ ದೊಡ್ಡದನ್ನು ಮೊದಲ ಸಲ ಬರೆದಿಟ್ಟುಕೊಳ್ಳಬೇಡಿ. ದಿನಕ್ಕೊಂದರ ಆಟ ನಿಂತುಹೋಗುವುದು ಹೆಚ್ಚಾಗಿ ಒಬ್ಬರಿಗಾಗಿ ಉಳಿದವರು ಕಾಯುತ್ತಾ ಕೂತಾಗ. 24 ಗಂಟೆಯೊಳಗೆ ಬರೆಯದವರ ಪಾತ್ರ ಸುಮ್ಮನೆ ಹಿಂದೆ ಹಿಂದೆ ಬರುತ್ತೆ, ಅದಕ್ಕೆ ಪೆಟ್ಟೂ ಬೀಳೋದಿಲ್ಲ, ಅದು ದಾಳವನ್ನೂ ಹಾಕೋದಿಲ್ಲ. ಮರಳಿ ಬಂದಾಗ ಯಾರ ಕ್ಷಮೆಯನ್ನೂ ಕೇಳದೆ ಆಟಕ್ಕೆ ಸೇರಿಕೊಳ್ಳಬಹುದು.

ಅಂಜಿಕೆಯನ್ನು ಪಟ್ಟಿಯಲ್ಲಿ ಬರೆದು ಮರೆಯಬಾರದು. ಚೆನ್ನಿಯನ್ನು ಆಡುವವರು ತಾವಾಗಿಯೇ "ಚೆನ್ನಿ ನೀರು ನೋಡಿ ಮೆಟ್ಟಿಲ ಮೇಲೇ ನಿಲ್ತಾಳೆ" ಅಂತ ಬರೆದು ಅದರಿಂದ ತೊಂದರೆ ತಂದುಕೊಂಡರೆ ಅವರಿಗೆ ಒಂದು ಗುರುತು. ಮುಂದೆ ಯಾವಾಗಲಾದರೂ ಆ ಗುರುತು ಕೊಟ್ಟು ಎರಡರಲ್ಲಿ ಒಂದು ದಾಳವನ್ನು ಮತ್ತೆ ಹಾಕಬಹುದು.

ಒಂದು ರಾತ್ರಿ ಉಂಡು ಮಲಗಿದರೆ ಜೀವ 2 ಮರಳುತ್ತೆ, 6 ಮೀರದಂತೆ. ಜೀವ 0 ಆದ ಪಾತ್ರ ತಕ್ಷಣ ಸಾಯೋದಿಲ್ಲ, ಬೀಳುತ್ತೆ. ಮೂರು ಸುತ್ತಿನೊಳಗೆ ಯಾರಾದರೂ ಅದರ ಪಕ್ಕ ತಲುಪಬೇಕು. ತಲುಪಿದರೆ ಜೀವ 1ರೊಂದಿಗೆ ಏಳುತ್ತೆ, ಒಂದು ಗುಣ ಶಾಶ್ವತವಾಗಿ 1 ಕಡಿಮೆಯಾಗುತ್ತೆ, ಯಾವುದು ಅಂತ ಆಡುವವರೇ ಹೇಳಲಿ. ತಲುಪದಿದ್ದರೆ ಆ ಪಾತ್ರಕ್ಕೆ ದಾಳವಿಲ್ಲದ ಒಂದು ಕೊನೆಯ ಕೆಲಸ ಉಂಟು, ಅದು ತಪ್ಪದೆ ನೆರವೇರುತ್ತೆ. ಈ ಒಂದು ಪೋಸ್ಟಿನಲ್ಲಿ ಮಾತ್ರ ಆಟಗಾರರು ಭೂತಕಾಲದಲ್ಲಿ ಬರೆಯಬಹುದು.