ಫೋನ್ ಎತ್ತಿದವರು ಯಾರು?

ಸಾಲ ವಸೂಲಿ ಕಂಪನಿಯಲ್ಲಿ ಫೋನ್ ಮಾಡುವ ಕೆಲಸ ನನ್ನದು. ಆ ಕಡೆಯಿಂದ 'ಹಲೋ' ಅಂದವರು ಯಾರು ಅಂತ ಖಚಿತವಾಗುವ ತನಕ ಸಾಲದ ಮಾತೇ ಎತ್ತಬಾರದು. ಹೆಸರು, ಹುಟ್ಟಿದ ದಿನ ಸರಿಯಾಗಿ ಹೇಳಿದರೆ ಮಾತ್ರ ಮುಂದಿನ ಮಾತು. ಒಮ್ಮೆ ಒಬ್ಬ ಹುಡುಗಿ ಫೋನ್ ಎತ್ತಿ, "ಅಪ್ಪ ಮಲಗಿದ್ದಾರೆ, ಏನು ವಿಷಯ?" ಅಂದಳು. "ಆಮೇಲೆ ಮಾಡ್ತೀನಮ್ಮ" ಅಂದು ಇಟ್ಟೆ. ಮಗಳ ಮುಂದೆ ಅವರ ಮಾನ ಹೋಗಬಾರದು, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಸ್ಕ್ರೀನಿನಲ್ಲಿ ಟಿಪ್ಪಣಿ ಬರೆಯುವ ಜಾಗದ ಬಗ್ಗೆ. ಕಾಯಿಲೆ, ಗಂಡ ಹೆಂಡಿರ ಜಗಳ, ಕೆಲಸ ಹೋಗಿದ್ದು, ಸಂಕಟದಲ್ಲಿ ಜನ ಎಲ್ಲವನ್ನೂ ಹೇಳಿಬಿಡುತ್ತಾರೆ. ಅದನ್ನೆಲ್ಲ ಸುಮ್ನೆ ಟೈಪ್ ಮಾಡಿಟ್ಟರೆ, ನಾಳೆ ಆ ಸಾಲ ಇನ್ನೊಂದು ಕಂಪನಿಗೆ ಮಾರಾಟವಾದಾಗ ಫೈಲ್ ಜೊತೆ ಅದೂ ಹೋಗಬಹುದು. ಅದಕ್ಕೇ 'ಮುಂದಿನ ತಿಂಗಳವರೆಗೆ ಸಮಯ ಕೇಳಿದ್ದಾರೆ' ಅಂತಷ್ಟೇ ಬರೆಯುತ್ತೇನೆ.

ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನಿನ ಪ್ರಕಾರ, ನಿಮ್ಮ ಬಗ್ಗೆ ಏನೇನು ಮಾಹಿತಿ ಇಟ್ಟುಕೊಂಡಿದ್ದಾರೆ ಅಂತ ಕಂಪನಿಯನ್ನು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪ್ರತಿ ಕೊಡಬೇಕು. ಆ ಮಾಹಿತಿ ಅಳಿಸಿ ಅಂದ ಮಾತ್ರಕ್ಕೆ ಸಾಲ ತೀರುವುದಿಲ್ಲ, ನಿಜ. ಆದರೆ ತಪ್ಪು ವಿವರ ಸರಿ ಮಾಡಿಸುವ ಹಕ್ಕು ಇದೆ. ಅಂಥ ಪತ್ರ ಬಂದ ದಿನ ನಾನು ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.