ಸಲಿಮಾದ ಮಳೆಗಾಲದಲ್ಲಿ ಆರು ವಾರ

ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಸೇವೆ ಮಾಡಬೇಕೆಂದಿರುವ ವೈದ್ಯ ಮಿತ್ರರು ಮೊದಲು ಕೇಳುವುದು, ಯಾವ ತಿಂಗಳು ಅನುಕೂಲ ಎಂದು. ಮೇಯಿಂದ ಆಗಸ್ಟ್‌ವರೆಗೆ ಹವೆ ತಂಪು, ರಸ್ತೆಗಳೂ ಒಣಗಿರುತ್ತವೆ. ಆದರೂ ಜನವರಿ, ಫೆಬ್ರುವರಿಯಲ್ಲೇ ಹೋಗಿ ಎನ್ನುತ್ತೇನೆ. ಆಗ ಮಲೇರಿಯಾ ಏರಿರುತ್ತದೆ. ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತದೆ.

ಸಲಿಮಾ ಜಿಲ್ಲೆಯ ಆರೋಗ್ಯ ಕೇಂದ್ರಕ್ಕೆ ಅಜ್ಜಿಯೊಬ್ಬರು ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. "ಮಲುಂಗೊ" ಎಂದರು. ಚಿಚೆವಾ ಭಾಷೆಯಲ್ಲಿ ಜ್ವರಕ್ಕೂ ಮಲೇರಿಯಾಕ್ಕೂ ಅದೇ ಮಾತು. ಪ್ಲಾಸ್ಟಿಕ್ ಚೀಲ ಬಿಚ್ಚಿ ಹೆಲ್ತ್ ಪಾಸ್‌ಪೋರ್ಟ್ ಕೊಟ್ಟರು. ರೋಗಿಯ ದಾಖಲೆಯೆಲ್ಲ ಆ ಸಣ್ಣ ಪುಸ್ತಕದಲ್ಲಿ, ರೋಗಿಯ ಕೈಯಲ್ಲೇ ಇರುತ್ತದೆ. ಅಕ್ಷರ ಬಿಡಿಸಿ ಬರೆಯಿರಿ, ಮುಂದಿನ ಸಲ ಓದುವವರು ಬೇರೆಯವರು. ರಕ್ತಪರೀಕ್ಷೆಯಲ್ಲಿ ಮಲೇರಿಯಾ ಕಂಡಿತು. ಮಲೇರಿಯಾದ ಮಾತ್ರೆ ಆರ್ಟಿಮೀಥರ್-ಲ್ಯುಮಿಫ್ಯಾಂಟ್ರಿನ್ ಬರೆದು, ಜಿಡ್ಡಿರುವ ಆಹಾರದ ಜೊತೆ ಕೊಡಿ ಎಂದೆ. ಅಜ್ಜಿ ನೆಲ ನೋಡಿದರು. ಪಕ್ಕದಲ್ಲಿದ್ದ ಕ್ಲಿನಿಕಲ್ ಆಫೀಸರ್ ಮೆಲ್ಲಗೆ ಕೇಳಿದರು, ಮಗು ಬೆಳಗ್ಗೆ ಏನು ತಿಂದಿದೆ? ಏನೂ ತಿಂದಿರಲಿಲ್ಲ. ತೋಳಿಗೆ ಅಳತೆಪಟ್ಟಿ ಸುತ್ತಿದರು: 11.2 ಸೆಂ.ಮೀ. 11.5ರ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ. 'ಚಿಪೊಂಡೆ' ಎನ್ನುವ ಶೇಂಗಾ ಪೇಸ್ಟಿನ ಪೊಟ್ಟಣ ಕತ್ತರಿಸಿ, ಸ್ವಲ್ಪ ಸ್ವಲ್ಪವೇ ನೆಕ್ಕಿಸಿ, ಆಮೇಲೆ ಮಾತ್ರೆ ಕೊಟ್ಟರು.

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಕ್ಲಿನಿಕಲ್ ಆಫೀಸರ್‌ಗಳು ಎಂಬಿಬಿಎಸ್ ಓದಿದವರಲ್ಲ, ಆದರೆ ಹಳ್ಳಿಗಾಡಿನ ಚಿಕಿತ್ಸೆ ನಿಂತಿರುವುದು ಅವರ ಮೇಲೆ. ಮೊದಲ ವಾರ ಅವರ ಪಕ್ಕ ಕುಳಿತು ನೋಡಿ. ಹತ್ತು ದಿನಕ್ಕೆಂದು ಹೋಗುವುದಾದರೆ ಹೋಗಲೇಬೇಡಿ, ಅವರ ಸಮಯ ನಿಮ್ಮನ್ನು ತಯಾರು ಮಾಡುವುದರಲ್ಲೇ ಕಳೆದುಹೋಗುತ್ತದೆ.

ಅಲ್ಲಿನ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ನೋಂದಣಿಯಿಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ. ಮೂರು ತಿಂಗಳ ಮೊದಲೇ ಕಾಗದಪತ್ರ ಕಳುಹಿಸಿ. ದಾರಿಯಲ್ಲಿ ಆಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ತಂಗುವುದಿದ್ದರೆ ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಪ್ರಮಾಣಪತ್ರವಿಲ್ಲದಿದ್ದರೆ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ಊರಿಗೆ ಬಂದ ಮೇಲೂ ನಾಲ್ಕು ವಾರ ನಿಲ್ಲಿಸಬಾರದು. ಮಲಾವಿ ಸರೋವರ ಎಷ್ಟೇ ಕರೆದರೂ ಇಳಿಯಬೇಡಿ, ಆ ನೀರಿನಲ್ಲಿ ಬಿಲ್ಹಾರ್ಜಿಯಾ ಇದೆ, ಚರ್ಮದ ಮೂಲಕ ಒಳಹೊಗುವ ಹುಳುವಿನಿಂದ ಬರುವ ರೋಗ.

ಔಷಧ ತುಂಬಿದ ಪೆಟ್ಟಿಗೆ ಬೇಡ. ಏನು ಬೇಕೆಂದು ಮೊದಲು ಕೇಳಿ ತಿಳಿದುಕೊಳ್ಳಿ. ಸಲಿಮಾದ ಕೇಂದ್ರದವರು ನಮ್ಮನ್ನು ಕೇಳಿದ್ದು ತಲೆಗೆ ಕಟ್ಟುವ ಟಾರ್ಚ್. ರಾತ್ರಿ ಕರೆಂಟ್ ಹೋದಾಗ ನರ್ಸ್ ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹೆರಿಗೆ ಮಾಡಿಸಿದ್ದನ್ನು ಕಂಡಿದ್ದೇನೆ. ಎರಡು ಟಾರ್ಚ್ ಒಯ್ಯಿರಿ, ಬರುವಾಗ ಎರಡನ್ನೂ ಹೆರಿಗೆ ಕೋಣೆಯಲ್ಲೇ ಬಿಟ್ಟು ಬನ್ನಿ.