ಮಧುಚಂದ್ರಕ್ಕೆ ಶ್ರೀಲಂಕಾ: ಮೊದಲು ಮಳೆ ನೋಡಿ, ಆಮೇಲೆ ಕಡಲತೀರ

ಶ್ರೀಲಂಕಾಕ್ಕೆ ಯಾವ ತಿಂಗಳು ಹೋದರೆ ಚೆಂದ ಎಂದು ಎಲ್ಲರೂ ಕೇಳುತ್ತಾರೆ. ಹೊಸದಾಗಿ ಮದುವೆಯಾದವರಿಗೆ ತಿಂಗಳನ್ನು ಮುಹೂರ್ತವೇ ಗೊತ್ತುಮಾಡಿಬಿಟ್ಟಿರುತ್ತದೆ. ಹಾಗಾಗಿ ಅವರು ಕೇಳಬೇಕಾದದ್ದು ಬೇರೆ: ನಮಗೆ ಸಿಕ್ಕಿರುವ ತಿಂಗಳಲ್ಲಿ ದ್ವೀಪದ ಯಾವ ಬದಿಯಲ್ಲಿ ಬಿಸಿಲಿರುತ್ತದೆ?

ಆ ಪುಟ್ಟ ದೇಶಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆ, ಮಿರಿಸ್ಸ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಗಳು ಮೋಡವನ್ನು ತಡೆಯುವುದರಿಂದ ಪೂರ್ವದ ತ್ರಿಂಕೋಮಲಿಯಲ್ಲಿ ಆಗ ಒಳ್ಳೆಯ ಬಿಸಿಲು. ಆಗುಂಬೆಯಲ್ಲಿ ಜಡಿಮಳೆ ಹೊಡೆಯುವಾಗ ಚಿತ್ರದುರ್ಗ ಒಣಗಿರುತ್ತದಲ್ಲ, ಅದೇ ಲೆಕ್ಕ. ಡಿಸೆಂಬರ್‌ನಿಂದ ಫೆಬ್ರವರಿಗೆ ಈಶಾನ್ಯ ಮಾರುತ ಬಂದಾಗ ಇದು ತಿರುವುಮುರುವಾಗುತ್ತದೆ.

ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಮದುವೆಯಾದರೆ ದಕ್ಷಿಣ ತೀರ. ಮೇ, ಜೂನ್ ಮದುವೆಯಾದರೆ ತ್ರಿಂಕೋಮಲಿ ಬಳಿಯ ನಿಲಾವೆಳಿ ಅಥವಾ ಉಪ್ಪುವೆಳಿ. ಆಷಾಢ ಕಳೆದು ಶ್ರಾವಣದಲ್ಲಿ ಹೊರಡುವವರಿಗಂತೂ ಪೂರ್ವವೇ ಸರಿ, ಆ ಹೊತ್ತಿಗೆ ಮಿನ್ನೇರಿಯ ರಾಷ್ಟ್ರೀಯ ಉದ್ಯಾನದ ಕೆರೆಯ ನೀರು ಇಳಿದು, ಹೊಸ ಹುಲ್ಲಿಗಾಗಿ ಆನೆಗಳು ಹಿಂಡುಹಿಂಡಾಗಿ ಬಂದಿರುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಎರಡೂ ಬದಿಗೆ ಮಳೆ, ಚಂಡಮಾರುತದ ಭಯ ಬೇರೆ. ಕಾರ್ತಿಕದಲ್ಲಿ ಮದುವೆಯಾದವರು ಪ್ರವಾಸವನ್ನು ಜನವರಿಗೆ ಮುಂದೂಡುವುದು ವಾಸಿ. ಕ್ರಿಸ್‌ಮಸ್ ಮತ್ತು ಹೊಸವರ್ಷದ ವಾರ ಹೋಟೆಲ್ ದರ ಏರಿರುತ್ತದೆ, ಅದು ಕಳೆಯಲಿ.

ಒಂದೇ ಪ್ರವಾಸದಲ್ಲಿ ಎರಡೂ ತೀರ ನೋಡುವ ಆಸೆ ಬೇಡ. ಹೆಚ್ಚಿನ ತಿಂಗಳುಗಳಲ್ಲಿ ಒಂದು ಕಡೆ ಮಳೆ ಇದ್ದೇ ಇರುತ್ತದೆ. ಮಳೆಗಾಲದ ಬದಿಯಲ್ಲಿ ಕಡಲ ಸೆಳೆತ ಜೋರು, ತಿಮಿಂಗಿಲ ನೋಡುವ ದೋಣಿಗಳೂ ನಿಂತಿರುತ್ತವೆ. ಮಿರಿಸ್ಸದಲ್ಲಿ ಆ ದೋಣಿಗಳ ಕಾಲ ಡಿಸೆಂಬರ್‌ನಿಂದ ಏಪ್ರಿಲ್.

ದಕ್ಷಿಣದ ದಾರಿಗೆ ಎಂಟು ರಾತ್ರಿ ಇಟ್ಟುಕೊಳ್ಳಿ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ. ಮೊದಲ ರಾತ್ರಿ ಪಕ್ಕದ ನೆಗೊಂಬೊದಲ್ಲೇ ಉಳಿಯಿರಿ, ಮದುವೆಯ ದಣಿವಿನ ಮೇಲೆ ನೇರ, ಪುರಾತನ ಬಂಡೆಕೋಟೆ ಇರುವ ಸಿಗಿರಿಯಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಕೂರುವುದು ಬೇಡ. ಆಮೇಲೆ ಸಿಗಿರಿಯ ಎರಡು ರಾತ್ರಿ, ಕ್ಯಾಂಡಿ ಒಂದು, ‘ಎಲ್ಲಾ’ ಎಂಬ ಬೆಟ್ಟದ ಊರಲ್ಲಿ ಎರಡು, ಮಿರಿಸ್ಸ ಅಥವಾ ಗಾಲೆಯಲ್ಲಿ ಎರಡು. ನಕ್ಷೆಯಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ, ಆದರೆ ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಹೋದರೆ ಹೆಚ್ಚು. ದಿನಕ್ಕೊಂದು ಊರು ಬದಲಿಸುವ ಪ್ಯಾಕೇಜ್‌ಗಳಲ್ಲಿ ಅರ್ಧ ಪ್ರವಾಸ ಕಾರಿನಲ್ಲೇ ಕಳೆಯುತ್ತದೆ.

ಸಿಗಿರಿಯ ಬಂಡೆ ಸುಮಾರು 200 ಮೀಟರ್ ಎತ್ತರ, ಮೆಟ್ಟಿಲು ಸುಮಾರು 1,200. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹತ್ತಿಬಿಡಿ. ಹೊತ್ತೇರಿದರೆ ಕಬ್ಬಿಣದ ಮೆಟ್ಟಿಲ ಮೇಲೆ ಸಾಲು ನಿಲ್ಲಬೇಕು, ನೆರಳೂ ಇಲ್ಲ. ಬಂಡೆಯಲ್ಲಿ ಹೆಜ್ಜೇನಿನ ಗೂಡುಗಳಿವೆ. ಗದ್ದಲ ಬೇಡ ಎಂಬ ಫಲಕವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಜೊತೆಗಿರಲಿ, ಟಿಕೆಟ್ ಕೊಳ್ಳುವ ಮುನ್ನ ಸಾರ್ಕ್ ದೇಶದವರ ರಿಯಾಯಿತಿ ಕೇಳಿ. ಬಂಡೆಯನ್ನೇ ಫೋಟೊದಲ್ಲಿ ಹಿಡಿಯಬೇಕಾದರೆ ಎದುರಿನ ಪಿದುರಂಗಲ ಹತ್ತಬೇಕು. ಅದರ ಕೊನೆಯ ಭಾಗದಲ್ಲಿ ಕೈಯೂರಿ ಬಂಡೆ ಏರಬೇಕಾಗುತ್ತದೆ, ಸೀರೆ, ಚಪ್ಪಲಿ ನಡೆಯುವುದಿಲ್ಲ.

ಕ್ಯಾಂಡಿಯಿಂದ ‘ಎಲ್ಲಾ’ಗೆ ಹೋಗುವ ರೈಲಿಗಾಗಿಯೇ ಅನೇಕರು ಲಂಕೆಗೆ ಹೋಗುತ್ತಾರೆ, ಹೋಗಬೇಕಾದದ್ದೇ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಆ ಮಾರ್ಗಕ್ಕೆ ಭಾರಿ ಪೆಟ್ಟು ಕೊಟ್ಟಿತು. ಆದ್ದರಿಂದ ಹೋಟೆಲ್ ಕಾಯ್ದಿರಿಸುವ ಮೊದಲು ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ. ಇಡೀ ದಾರಿ ಆರೇಳು ಗಂಟೆ. ಅಷ್ಟು ಕೂರಲಾಗದಿದ್ದರೆ ನುವರ ಎಲಿಯಕ್ಕೆ ಹತ್ತಿರದ ನಾನುಓಯ ನಿಲ್ದಾಣದಲ್ಲಿ ಹತ್ತಿ, ಸುಮಾರು ಮೂರು ಗಂಟೆಯ ಈ ತುಂಡೇ ಹೆಚ್ಚು ಸೊಗಸು. ಮುಂಗಡ ಬುಕಿಂಗ್ 30 ದಿನ ಮೊದಲು ತೆರೆಯುತ್ತದೆ, ಬೇಗ ಮುಗಿದುಹೋಗುತ್ತದೆ. ಮೊದಲ ದರ್ಜೆ ಎಂದು ಹಿಗ್ಗಬೇಡಿ. ಅದು ಎಸಿ ಬೋಗಿ, ಕಿಟಕಿ ತೆರೆಯುವುದಿಲ್ಲ, ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಕಾಯ್ದಿರಿಸಿದ ಎರಡನೇ ದರ್ಜೆಯಲ್ಲಿ ಸೀಟೂ ಖಚಿತ, ಕಿಟಕಿಯೂ ತೆರೆದಿರುತ್ತದೆ, ಚಹಾ ತೋಟದ ತಣ್ಣನೆಯ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಬಾಗಿಲಲ್ಲಿ ಹೊರಕ್ಕೆ ಜೋತು ಬಿದ್ದು ಫೋಟೊ ತೆಗೆಸಿಕೊಳ್ಳಬೇಡಿ. ಸುರಂಗದ ಗೋಡೆ, ಮರದ ಕೊಂಬೆ ಕೈಗೆಟುಕುವಷ್ಟು ಹತ್ತಿರ ಬರುತ್ತವೆ. ದೊಡ್ಡ ಪೆಟ್ಟಿಗೆಗಳನ್ನು ಕಾರಿನ ಚಾಲಕನ ಕೈಲಿ ರಸ್ತೆಯಲ್ಲಿ ಕಳಿಸಿ, ನೀವು ಬರಿಗೈಲಿ ರೈಲು ಹತ್ತಿ.

ಕಾರು ಮಾತಾಡುವಾಗ ಪೆಟ್ರೋಲ್, ಎಕ್ಸ್‌ಪ್ರೆಸ್‌ವೇ ಟೋಲ್, ಚಾಲಕರ ಊಟ–ವಸತಿ, ದಿನದ ಕಿಲೋಮೀಟರ್ ಮಿತಿ ಎಲ್ಲ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ಮಸಾಲೆ ತೋಟ, ರತ್ನದ ಅಂಗಡಿಗಳಿಗೆ ಕರೆದೊಯ್ಯುವುದು ಬೇಡವೆಂದಾದರೆ ಚಾಲಕರಿಗೆ ಮೊದಲ ದಿನವೇ ಹೇಳಿಬಿಡಿ. ಹೋಟೆಲ್ ದರದ ಪಕ್ಕ ‘ಪ್ಲಸ್ ಪ್ಲಸ್’ ಎಂದಿದ್ದರೆ 10% ಸೇವಾ ಶುಲ್ಕ, ತೆರಿಗೆ ಅದರ ಮೇಲೆ ಬೀಳುತ್ತವೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರ. ಬೇಳೆಯ ಪರಿಪ್ಪು, ಅಪ್ಪ, ನಮ್ಮ ಒತ್ತು ಶ್ಯಾವಿಗೆಯಂಥ ಇಂದಿಯಪ್ಪ ಎಲ್ಲೆಡೆ ಸಿಗುತ್ತವೆ. ಆದರೆ ತೆಂಗಿನಕಾಯಿ ಸಂಬಲ್‌ಗೆ ಒಣಮೀನಿನ ಚೂರು ಹಾಕುವ ವಾಡಿಕೆಯಿದೆ. ಅದರ ಹೆಸರು ಉಂಬಲಕಡ. ಮಾಂಸ, ಮೀನು ಬೇಡ ಎಂದರೆ ಸಾಲದು, ‘ಉಂಬಲಕಡ ಎಪಾ’ ಎಂದೂ ಹೇಳಿ.

ಹುಣ್ಣಿಮೆ ದಿನ ಅಲ್ಲಿ ಪೋಯ, ಸರ್ಕಾರಿ ರಜೆ. ಮದ್ಯ ಮಾರುವುದಿಲ್ಲ, ದೇವಾಲಯಗಳಲ್ಲಿ ಜನಸಂದಣಿ. ಬುದ್ಧನ ಹಲ್ಲು ಇಟ್ಟಿರುವ ಕ್ಯಾಂಡಿಯ ದಂತ ದೇವಾಲಯಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ನಿಂತು ಜೋಡಿ ಫೋಟೊ ತೆಗೆಸಿಕೊಳ್ಳುವುದು ಅವರಿಗೆ ಅವಮಾನ.

ಕಾಗದಪತ್ರದಲ್ಲಿ ಹೊಸ ಜೋಡಿಗಳು ಎಡವುವುದು ಹೆಸರಿನಲ್ಲಿ. ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರೇ ಇದ್ದರೆ ವಿಮಾನದ ಟಿಕೆಟ್, ಇಟಿಎ (ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಅರ್ಜಿ ಎರಡರಲ್ಲೂ ಅದೇ ಹೆಸರು ಅಕ್ಷರ ತಪ್ಪದಂತೆ ಇರಲಿ. ಪಾಸ್‌ಪೋರ್ಟ್ ತಿದ್ದಿಸುವ ಆತುರ ಬೇಡ, ಮರಳಿ ಬಂದ ಮೇಲೆ ಮಾಡಿಸಿದರಾಯಿತು. ಅವಧಿ ಮುಗಿಯಲು ಆರು ತಿಂಗಳಾದರೂ ಬಾಕಿ ಇರಬೇಕು. ಇಟಿಎಗೆ ವಿಳಾಸ ‘ಗವ್ ಡಾಟ್ ಎಲ್‌ಕೆ’ ಎಂದು ಮುಗಿಯುವ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೊದಲು ಕಾಣುವ ಜಾಹೀರಾತಿನ ತಾಣಗಳು ಅದೇ ಕೆಲಸಕ್ಕೆ ಹೆಚ್ಚು ಹಣ ಕೀಳುತ್ತವೆ. ಶುಲ್ಕ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನವೇ ನೋಡಿಕೊಳ್ಳಿ.